ಗೂಗಿ ವಾ ಥಿಯಾಂಗೊ

ಗೂಗಿ ವಾ ಥಿಯಾಂಗೊ (1938-2025) ಕೀನ್ಯ ದೇಶದ ಕಾದಂಬರಿಕಾರ, ನಾಟಕಕಾರ, ಪ್ರಬಂಧಕಾರ ಮತ್ತು ಭಾಷಾ ಚಿಂತಕ. ಇಂಗ್ಲಿಷಿನಲ್ಲಿ ಜಗತ್ಪ್ರಸಿದ್ಧರಾದ ಮೇಲೆ ಆ ಭಾಷೆಯ ಸೃಜನಶೀಲ ಬರವಣಿಗೆಯನ್ನು ಬಿಟ್ಟು ತಾಯ್ನುಡಿಯಾದ ಗಿಕುಯುವಿನಲ್ಲಿ ಕಾದಂಬರಿಗಳನ್ನು ಬರೆದವರು. ಕಳೆದುಕೊಂಡ ಭೂಮಿ ಮತ್ತು ಕಳೆದುಕೊಂಡ ಭಾಷೆ, ಈ ಎರಡು ವಿಷಯಗಳು ಅವರ ಆರು ದಶಕಗಳ ಬರವಣಿಗೆಯನ್ನು ಒಂದೇ ಎಳೆಯಲ್ಲಿ ಹಿಡಿದಿಡುತ್ತವೆ. ಬ್ರಿಟಿಷ್ ವಸಾಹತು ಆಡಳಿತ, ಮೌ ಮೌ ಹೋರಾಟ, ಸ್ವಾತಂತ್ರ್ಯಾನಂತರದ ಆಳುವ ವರ್ಗದ ದ್ರೋಹ ಮತ್ತು ದುಡಿಯುವ ಜನರ ಪ್ರತಿರೋಧ ಅವರ ಕಾದಂಬರಿಗಳ ಮುಖ್ಯ ವಸ್ತು. ಚಿನುವಾ ಅಚಿಬೆ ಮತ್ತು ವೋಲೆ ಸೊಯಿಂಕಾ ಅವರೊಂದಿಗೆ ಇಪ್ಪತ್ತನೆಯ ಶತಮಾನದ ಆಫ್ರಿಕಾದ ಪ್ರಮುಖ ಲೇಖಕರ ಸಾಲಿನಲ್ಲಿ ಅವರನ್ನು ಎಣಿಸಲಾಗುತ್ತದೆ.

ಜನನ ಮತ್ತು ಪರಿಸರ

ಗೂಗಿ 1938ರ ಜನವರಿ 5ರಂದು ನೈರೋಬಿಯ ವಾಯವ್ಯಕ್ಕಿರುವ ಲಿಮುರು ಪಟ್ಟಣದ ಸಮೀಪದ ಕಮಿರೀಥು ಗ್ರಾಮದಲ್ಲಿ ಹುಟ್ಟಿದರು. ಆಗ ಕೀನ್ಯ ಬ್ರಿಟಿಷ್ ವಸಾಹತಾಗಿತ್ತು. ಕ್ರೈಸ್ತ ದೀಕ್ಷೆಯಲ್ಲಿ ಅವರಿಗೆ ಜೇಮ್ಸ್ ಎಂಬ ಹೆಸರು ಬಂತು; ಮೊದಲ ಕೃತಿಗಳು ಪ್ರಕಟವಾದದ್ದು ಜೇಮ್ಸ್ ಗೂಗಿ ಎಂಬ ಹೆಸರಿನಲ್ಲಿ. ತಂದೆ ಥಿಯಾಂಗೊಗೆ ನಾಲ್ವರು ಹೆಂಡಿರು. ಗೂಗಿ ಮೂರನೆಯ ಹೆಂಡತಿ ವಾಂಜಿಕುವಿನ ಮಗ.

ಲಿಮುರು ಇರುವ ಕೀನ್ಯದ ಎತ್ತರದ ನಾಡು ಫಲವತ್ತಾದ ಕೆಂಪು ಮಣ್ಣಿನ ಪ್ರದೇಶ. ಇಪ್ಪತ್ತನೆಯ ಶತಮಾನದ ಆರಂಭದಿಂದ ಇಲ್ಲಿನ ವಿಶಾಲವಾದ ಜಮೀನುಗಳನ್ನು ವಸಾಹತು ಸರಕಾರ ಬಿಳಿಯ ನೆಲಸಿಗರಿಗೆ ಕೊಟ್ಟಿತು. ಅಲ್ಲಿ ಚಹಾ ಮತ್ತು ಪೈರೆಥ್ರಂ ತೋಟಗಳು ಬೆಳೆದವು; ಗಿಕುಯು ಕುಟುಂಬಗಳು ತಮ್ಮದೇ ಪೂರ್ವಿಕರ ನೆಲದಲ್ಲಿ ಗೇಣಿದಾರರೂ ಕೂಲಿಗಳೂ ಆದವು. ಗೂಗಿ ಅವರ ಕುಟುಂಬವೂ ಅಂಥವುಗಳಲ್ಲಿ ಒಂದು. ರೈಲು ನಿಲ್ದಾಣ, ಬಾಟಾ ಪಾದರಕ್ಷೆ ಕಾರ್ಖಾನೆ ಮತ್ತು ಚಹಾ ತೋಟಗಳಿಂದಾಗಿ ಲಿಮುರುವಿನಲ್ಲಿ ರೈತರೂ ಕಾರ್ಮಿಕರೂ ಬೆರೆತ ಸಮಾಜ ರೂಪುಗೊಂಡಿತ್ತು. ಮುಂದೆ ಅವರ ಕಾದಂಬರಿಗಳಲ್ಲಿ ಬರುವ ಊರುಗಳಿಗೆ ಈ ಸಮಾಜವೇ ಮಾದರಿ.

ಭೂಮಿ ಮತ್ತು ಸ್ವಾತಂತ್ರ್ಯಕ್ಕಾಗಿ ನಡೆದ ಸಶಸ್ತ್ರ ಹೋರಾಟ ಮೌ ಮೌ ಎಂದು ಹೆಸರಾಯಿತು. ಅದನ್ನು ಹತ್ತಿಕ್ಕಲು ಸರಕಾರ 1952ರ ಅಕ್ಟೋಬರಿನಲ್ಲಿ ತುರ್ತು ಪರಿಸ್ಥಿತಿ ಹೇರಿತು. ಗೂಗಿ ಅವರ ಅಣ್ಣ ವ್ಯಾಲೇಸ್ ಕಾಡು ಸೇರಿ ಗೆರಿಲ್ಲಾ ಆದರು. ಕಿವುಡರಾಗಿದ್ದ ಮಲಸಹೋದರ ಗಿಟೋಗೊ, ನಿಲ್ಲುವಂತೆ ಸೈನಿಕರು ಕೂಗಿದ್ದು ಕೇಳಿಸದೆ ಓಡಿ ಗುಂಡಿಗೆ ಬಲಿಯಾದರು. ತಾಯಿಯನ್ನು ಕಾವಲು ಠಾಣೆಯಲ್ಲಿ ಕೂಡಿಹಾಕಿ ಹಿಂಸಿಸಲಾಯಿತು. 1955ರಲ್ಲಿ ಪ್ರೌಢಶಾಲೆಯ ಮೊದಲ ರಜೆಗೆ ಗೂಗಿ ಊರಿಗೆ ಬಂದಾಗ ಅವರ ಹಳ್ಳಿಯನ್ನು ನೆಲಸಮ ಮಾಡಿ ಜನರನ್ನು ಕಾವಲಿನ ಹೊಸ ವಸತಿಗೆ ಸಾಗಿಸಲಾಗಿತ್ತು.

ಶಿಕ್ಷಣ

ಗೂಗಿ ಮೊದಲು ಮಿಷನರಿ ಶಾಲೆಯಲ್ಲೂ ಬಳಿಕ ಗಿಕುಯು ಸಮುದಾಯವೇ ನಡೆಸುತ್ತಿದ್ದ ಸ್ವತಂತ್ರ ಶಾಲೆಯಲ್ಲೂ ಓದಿದರು. ಸ್ವತಂತ್ರ ಶಾಲೆಗಳಲ್ಲಿ ಆರಂಭದ ತರಗತಿಗಳ ಪಾಠ ಗಿಕುಯುವಿನಲ್ಲೇ ನಡೆಯುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ಸರಕಾರ ಈ ಶಾಲೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಇಂಗ್ಲಿಷ್ ಬೋಧನಾ ಮಾಧ್ಯಮವಾಯಿತು. ಶಾಲೆಯ ಆವರಣದಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದ ಏಟು, ಅವಮಾನದ ಬರಹವಿದ್ದ ಲೋಹದ ಫಲಕವನ್ನು ಕೊರಳಿಗೆ ಹಾಕುವುದು, ದಂಡ ವಸೂಲಿ ಮುಂತಾದ ಶಿಕ್ಷೆಗಳಿದ್ದವು. ಈ ಅನುಭವವನ್ನು ಅವರು ತಮ್ಮ ಭಾಷಾ ಚಿಂತನೆಯ ಮೊದಲ ಸಾಕ್ಷ್ಯವಾಗಿ ದಾಖಲಿಸಿದ್ದಾರೆ.

1955ರಿಂದ 1958ರವರೆಗೆ ಕಿಕುಯು ಪಟ್ಟಣದ ಅಲಯನ್ಸ್ ಹೈಸ್ಕೂಲಿನಲ್ಲಿ ಓದಿ, 1959ರಲ್ಲಿ ಉಗಾಂಡದ ಕಂಪಾಲದಲ್ಲಿರುವ ಮಕೆರೆರೆ ಕಾಲೇಜು ಸೇರಿದರು. ಅಲ್ಲಿ ಇಂಗ್ಲಿಷ್ ಸಾಹಿತ್ಯ ವ್ಯಾಸಂಗ ಮಾಡಿದರು. ಜೋಸೆಫ್ ಕಾನ್ರಾಡ್‌ನ ಕಾದಂಬರಿಗಳನ್ನು ವಿಶೇಷವಾಗಿ ಅಭ್ಯಸಿಸಿದರು. 1962ರಲ್ಲಿ ಮಕೆರೆರೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕನ್ ಲೇಖಕರ ಸಮ್ಮೇಳನ ನಡೆಯಿತು. ವಿದ್ಯಾರ್ಥಿಯಾಗಿದ್ದ ಗೂಗಿ ತಮ್ಮ ಹಸ್ತಪ್ರತಿಯನ್ನು ಅಚಿಬೆಗೆ ತೋರಿಸಿದ್ದು ಅಲ್ಲಿಯೇ. ಅದೇ ವರ್ಷ ಉಗಾಂಡದ ಸ್ವಾತಂತ್ರ್ಯೋತ್ಸವದ ಅಂಗವಾಗಿ ಅವರ 'ದಿ ಬ್ಲ್ಯಾಕ್ ಹರ್ಮಿಟ್' ನಾಟಕ ಕಂಪಾಲದಲ್ಲಿ ರಂಗಕ್ಕೆ ಬಂತು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಕೆರಿಬಿಯನ್ ಸಾಹಿತ್ಯದ ಸಂಶೋಧನೆ ಕೈಗೊಂಡರು. ಪ್ರಬಂಧ ಪೂರ್ಣಗೊಳ್ಳಲಿಲ್ಲ. ಆದರೆ ಮಾರ್ಕ್ಸ್ ಮತ್ತು ಫ್ರಾಂಜ್ ಫ್ಯಾನನ್ ಅವರ ಬರಹಗಳ ಓದು ಅವರ ವಿಚಾರದ ದಿಕ್ಕನ್ನು ನಿರ್ಧರಿಸಿತು.

ಇಂಗ್ಲಿಷ್ ಕಾದಂಬರಿಗಳು

ಗೂಗಿ ಇಂಗ್ಲಿಷಿನಲ್ಲಿ ನಾಲ್ಕು ಕಾದಂಬರಿಗಳನ್ನು ಬರೆದಿದ್ದಾರೆ. ಇವು ಒಟ್ಟಾಗಿ ಮಿಷನರಿಗಳ ಪ್ರವೇಶದಿಂದ ಸ್ವಾತಂತ್ರ್ಯಾನಂತರದ ಮೊದಲ ದಶಕದವರೆಗಿನ ಕೀನ್ಯದ ಚರಿತ್ರೆಯನ್ನು ನಿರೂಪಿಸುತ್ತವೆ.

'ವೀಪ್ ನಾಟ್, ಚೈಲ್ಡ್' (1964) ಪೂರ್ವ ಆಫ್ರಿಕಾದ ಲೇಖಕರೊಬ್ಬರು ಬರೆದು ಪ್ರಕಟವಾದ ಮೊದಲ ಇಂಗ್ಲಿಷ್ ಕಾದಂಬರಿ. ಓದಿನಿಂದ ಮನೆತನವನ್ನೂ ನಾಡನ್ನೂ ಉದ್ಧರಿಸುವ ಕನಸು ಕಾಣುವ ಬಾಲಕ ಜೊರೊಗೆ ಇದರ ನಾಯಕ. ಅವನ ತಂದೆ ಗೋಥೊ ಹೌಲ್ಯಾಂಡ್ಸ್ ಎಂಬ ಬಿಳಿಯನ ತೋಟದಲ್ಲಿ ಕೂಲಿ. ಆ ತೋಟ ಗೋಥೊನ ಪೂರ್ವಿಕರ ಭೂಮಿ. ತುರ್ತು ಪರಿಸ್ಥಿತಿ ಈ ಕುಟುಂಬವನ್ನು ಒಡೆಯುವ ಬಗೆಯನ್ನು ಕಾದಂಬರಿ ಹುಡುಗನ ಕಣ್ಣಿನಿಂದ ಚಿತ್ರಿಸುತ್ತದೆ.

'ದಿ ರಿವರ್ ಬಿಟ್ವೀನ್' (1965) ಎರಡನೆಯದಾಗಿ ಪ್ರಕಟವಾದರೂ ಮೊದಲು ಬರೆದ ಕಾದಂಬರಿ. ಹೋನಿಯಾ ನದಿಯ ಎರಡು ದಡಗಳ ಏಣುಗಳಾದ ಕಮೆನೊ ಮತ್ತು ಮಕುಯು ಇದರ ಭೂಮಿಕೆ. ಒಂದು ಏಣು ಸಂಪ್ರದಾಯದ ಪಾಳೆಯ, ಇನ್ನೊಂದು ಕ್ರೈಸ್ತರ ಪಾಳೆಯ. ಹೆಣ್ಣುಮಕ್ಕಳ ಸುನ್ನತಿಯ ಸುತ್ತ ಎದ್ದ ವಿವಾದ ಸಮುದಾಯವನ್ನು ಇಬ್ಭಾಗ ಮಾಡುತ್ತದೆ. ಶಾಲೆಗಳನ್ನು ಕಟ್ಟಿ ಎರಡನ್ನೂ ಬೆಸೆಯಲು ಹೊರಟ ವೈಯಾಕಿ ಎರಡೂ ಕಡೆಯಿಂದ ದೂರವಾಗುತ್ತಾನೆ.

'ಎ ಗ್ರೇನ್ ಆಫ್ ವೀಟ್' (1967) ಗೂಗಿ ಅವರ ಅತ್ಯಂತ ಬಿಗಿಯಾದ ರಚನೆಯ ಕಾದಂಬರಿಯೆಂದು ವಿಮರ್ಶಕರು ಪರಿಗಣಿಸುತ್ತಾರೆ. 1963ರ ಡಿಸೆಂಬರ್ 12ರ ಸ್ವಾತಂತ್ರ್ಯ ದಿನಕ್ಕೆ ಮುಂಚಿನ ಕೆಲವೇ ದಿನಗಳು ಇದರ ಕಥಾಕಾಲ; ಥಬಾಯ್ ಎಂಬ ಹಳ್ಳಿ ಕಥಾಸ್ಥಳ. ನೇಣಿಗೇರಿದ ಹೋರಾಟಗಾರ ಕಿಹಿಕಾನನ್ನು ಹಿಡಿದುಕೊಟ್ಟವರು ಯಾರೆಂಬ ಪ್ರಶ್ನೆ ಕಥೆಯನ್ನು ನಡೆಸುತ್ತದೆ. ಊರೇ ವೀರನೆಂದು ಗೌರವಿಸುವ ಮುಗೊ ಕೊನೆಗೆ ತಾನೇ ಆ ದ್ರೋಹಿಯೆಂದು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಗಿಕೊನ್ಯೊ, ಮುಂಬಿ, ಕರಂಜಾ ಮುಂತಾದ ಪಾತ್ರಗಳ ನೆನಪುಗಳಲ್ಲಿ ಹಿಂದು ಮುಂದಾಗಿ ಚಲಿಸುವ ನಿರೂಪಣೆ ಇದರ ಮುಖ್ಯ ಲಕ್ಷಣ. 1980ರ ದಶಕದಲ್ಲಿ ಗೂಗಿ ಇದನ್ನು ಪರಿಷ್ಕರಿಸಿದರು.

'ಪೆಟಲ್ಸ್ ಆಫ್ ಬ್ಲಡ್' (1977) ಸ್ವತಂತ್ರ ಕೀನ್ಯದ ಆಳುವ ವರ್ಗವನ್ನು ನೇರವಾಗಿ ಪ್ರಶ್ನಿಸುವ ಕೃತಿ. ಇಲ್ಮೊರೋಗ್ ಎಂಬ ಬರಪೀಡಿತ ಹಳ್ಳಿಯ ಜನ ನೆರವು ಕೇಳಲು ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅದರ ಬೆನ್ನಲ್ಲೇ ಹೆದ್ದಾರಿ, ಬ್ಯಾಂಕು, ಮದ್ಯದ ಕಾರ್ಖಾನೆಗಳು ಬಂದು ಹಳ್ಳಿ ಪಟ್ಟಣವಾಗುತ್ತದೆ. ಅಲ್ಲಿನ ರೈತರು ನೆಲೆ ಕಳೆದುಕೊಳ್ಳುತ್ತಾರೆ. ಮೂವರು ಶ್ರೀಮಂತ ಉದ್ಯಮಿಗಳ ಕೊಲೆಯ ತನಿಖೆಯ ಚೌಕಟ್ಟಿನಲ್ಲಿ ಶಿಕ್ಷಕ ಮುನಿರಾ, ಕಾರ್ಮಿಕ ಸಂಘಟಕ ಕರೇಗಾ, ವಾಂಜಾ ಮತ್ತು ಮಾಜಿ ಹೋರಾಟಗಾರ ಅಬ್ದುಲ್ಲಾ ಅವರ ಬದುಕುಗಳು ತೆರೆದುಕೊಳ್ಳುತ್ತವೆ.

ನೈರೋಬಿ ವಿಶ್ವವಿದ್ಯಾಲಯದ ಅವಧಿ

ಗೂಗಿ 1967ರಲ್ಲಿ ನೈರೋಬಿಯ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಅಧ್ಯಾಪಕರಾದರು. 1968ರಲ್ಲಿ ಹೆನ್ರಿ ಒವೂರ್-ಅನ್ಯುಂಬಾ ಮತ್ತು ತಬಾನ್ ಲೊ ಲಿಯೊಂಗ್ ಅವರೊಂದಿಗೆ ಸೇರಿ ಇಂಗ್ಲಿಷ್ ವಿಭಾಗವನ್ನು ರದ್ದುಪಡಿಸಬೇಕೆಂಬ ಟಿಪ್ಪಣಿಯನ್ನು ಮಂಡಿಸಿದರು. ಇಂಗ್ಲೆಂಡಿನ ಸಾಹಿತ್ಯ ಕೇಂದ್ರದಲ್ಲಿದ್ದು ಉಳಿದದ್ದೆಲ್ಲ ಅದರ ಅನುಬಂಧವಾಗುವ ಪಠ್ಯಕ್ರಮವನ್ನು ಈ ಟಿಪ್ಪಣಿ ತಿರಸ್ಕರಿಸಿತು. ಆಫ್ರಿಕಾದ ಮೌಖಿಕ ಪರಂಪರೆ ಮತ್ತು ಸಾಹಿತ್ಯವನ್ನು ಕೇಂದ್ರದಲ್ಲಿಟ್ಟು ಅಲ್ಲಿಂದ ಕೆರಿಬಿಯನ್, ಏಷ್ಯಾ, ಲ್ಯಾಟಿನ್ ಅಮೆರಿಕ ಮತ್ತು ಯೂರೋಪುಗಳ ಕಡೆಗೆ ಓದು ಹರಡಬೇಕೆಂಬುದು ಅದರ ವಾದ. ಚರ್ಚೆಯ ಫಲವಾಗಿ ನೈರೋಬಿಯಲ್ಲಿ ಸಾಹಿತ್ಯ ವಿಭಾಗ ರೂಪುಗೊಂಡಿತು. ಅನೇಕ ದೇಶಗಳ ಪಠ್ಯಕ್ರಮ ಚರ್ಚೆಗಳಲ್ಲಿ ಈ ಟಿಪ್ಪಣಿ ಇಂದಿಗೂ ಆಧಾರಪತ್ರವಾಗಿ ಬಳಕೆಯಲ್ಲಿದೆ.

ಶೈಕ್ಷಣಿಕ ಸ್ವಾತಂತ್ರ್ಯದ ಪ್ರಶ್ನೆಯ ಮೇಲೆ ಅವರು 1969ರಲ್ಲಿ ರಾಜೀನಾಮೆ ನೀಡಿದರು. ಮಕೆರೆರೆಯಲ್ಲೂ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿ ನೈರೋಬಿಗೆ ಮರಳಿದರು. ಮುಂದೆ ಸಾಹಿತ್ಯ ವಿಭಾಗದ ಮುಖ್ಯಸ್ಥರಾದರು. 1970ರ ದಶಕದಲ್ಲಿ ಜೇಮ್ಸ್ ಎಂಬ ಹೆಸರನ್ನು ಬಿಟ್ಟು ಗಿಕುಯು ಪದ್ಧತಿಯ ಹೆಸರನ್ನು ಇಟ್ಟುಕೊಂಡರು. ಮೊದಲ ಪ್ರಬಂಧ ಸಂಕಲನ 'ಹೋಮ್‌ಕಮಿಂಗ್' 1972ರಲ್ಲಿ ಬಂತು. ಮಿಚೆರೆ ಗಿಥಾಯೆ ಮುಗೊ ಅವರೊಂದಿಗೆ ಬರೆದ 'ದಿ ಟ್ರಯಲ್ ಆಫ್ ದೆದಾನ್ ಕಿಮಾಥಿ' ನಾಟಕ 1976ರದ್ದು. ಬ್ರಿಟಿಷರು 1957ರಲ್ಲಿ ಗಲ್ಲಿಗೇರಿಸಿದ ಮೌ ಮೌ ನಾಯಕ ಕಿಮಾಥಿ ಅದರ ಕೇಂದ್ರ ಪಾತ್ರ.

ಕಮಿರೀಥು ರಂಗಭೂಮಿ

ಗೂಗಿ ಅವರ ಬರವಣಿಗೆಯ ಭಾಷೆ ಬದಲಾದದ್ದು ಕಮಿರೀಥು ಸಮುದಾಯ ಶಿಕ್ಷಣ ಮತ್ತು ಸಾಂಸ್ಕೃತಿಕ ಕೇಂದ್ರದಲ್ಲಿ. 1976ರಲ್ಲಿ ಊರಿನ ಜನರ ಕೋರಿಕೆಯಂತೆ ಅವರು ಈ ಕೇಂದ್ರದ ಕೆಲಸಕ್ಕೆ ಸೇರಿದರು. ಅಕ್ಷರ ಕಲಿಕೆ ಇಲ್ಲಿನ ಮೊದಲ ಕಾರ್ಯಕ್ರಮ. ನಾಟಕ ಅದರ ಮುಂದುವರಿಕೆ. ಗೂಗಿ ವಾ ಮಿರೀ ಅವರೊಂದಿಗೆ ರಚಿಸಿದ 'ನ್ಗಾಹಿಕಾ ನ್ಡೇಂಡಾ' ನಾಟಕದ ಹೆಸರಿಗೆ 'ನನಗೆ ಬೇಕಾದಾಗ ಮದುವೆಯಾಗುತ್ತೇನೆ' ಎಂದು ಅರ್ಥ. ತನ್ನ ತುಂಡು ಭೂಮಿಯನ್ನು ಶ್ರೀಮಂತ ಕ್ರೈಸ್ತ ಕುಟುಂಬವೊಂದರ ಕುತಂತ್ರಕ್ಕೆ ಕಳೆದುಕೊಳ್ಳುವ ರೈತ ಕಿಗೂಂಡಾನ ಕಥೆ ಅದು.

ನಾಟಕದ ಕರಡನ್ನು ಹಳ್ಳಿಗರ ಮುಂದೆ ಓದಲಾಯಿತು. ಅವರು ಮಾತುಗಳನ್ನು ತಿದ್ದಿದರು, ಹಾಡು ಮತ್ತು ಕುಣಿತಗಳನ್ನು ಸೇರಿಸಿದರು. ತಾಲೀಮು ಎಲ್ಲರೆದುರು ನಡೆಯಿತು. ರೈತರು, ತೋಟದ ಕೂಲಿಗಳು ಮತ್ತು ಕಾರ್ಖಾನೆಯ ಕಾರ್ಮಿಕರೇ ನಟರು. ಸುಮಾರು 2,000 ಜನ ಕೂರಬಹುದಾದ ಬಯಲು ರಂಗಮಂದಿರವನ್ನು ಅವರೇ ಕಟ್ಟಿದರು. 1977ರ ಅಕ್ಟೋಬರ್ 2ರಂದು ಪ್ರದರ್ಶನ ಆರಂಭವಾಯಿತು. ಸುತ್ತಲ ಊರುಗಳಿಂದ ಜನ ಬಂದು ತುಂಬಿದರು. ನವೆಂಬರ್ 16ರಂದು ಸರಕಾರ ಪ್ರದರ್ಶನದ ಪರವಾನಗಿಯನ್ನು ಹಿಂತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಬರೆದ ತೀಕ್ಷ್ಣ ಟೀಕೆಯನ್ನು ಸಹಿಸಿಕೊಂಡಿದ್ದ ಆಡಳಿತ, ಅದೇ ಟೀಕೆ ಜನರ ಮಾತಿನಲ್ಲಿ ರಂಗದ ಮೇಲೆ ಬಂದಾಗ ಸಹಿಸಲಿಲ್ಲ.

ಎರಡನೆಯ ನಾಟಕ 'ಮಾಯ್ತು ನ್ಜುಗಿರಾ', ಅಂದರೆ 'ಅಮ್ಮಾ, ನನಗಾಗಿ ಹಾಡು', 1982ರಲ್ಲಿ ಸಿದ್ಧವಾಯಿತು. ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ ಅದಕ್ಕೆ ಅವಕಾಶ ಸಿಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಡೆದ ತಾಲೀಮುಗಳನ್ನು ಸಾವಿರಾರು ಜನ ನೋಡಿದರು. 1982ರ ಮಾರ್ಚಿನಲ್ಲಿ ಸರಕಾರ ಕೇಂದ್ರವನ್ನು ನಿಷೇಧಿಸಿತು. ಸಶಸ್ತ್ರ ಪೊಲೀಸರು ಕಮಿರೀಥುವಿನ ಬಯಲು ರಂಗಮಂದಿರವನ್ನು ನೆಲಸಮ ಮಾಡಿದರು.

ಬಂಧನ

ಕಮಿರೀಥುವಿನ ಮೊದಲ ನಾಟಕ ನಿಂತ ಆರು ವಾರಗಳ ಬಳಿಕ, 1977ರ ಡಿಸೆಂಬರ್ 31ರಂದು, ಗೂಗಿ ಅವರನ್ನು ಬಂಧಿಸಲಾಯಿತು. ಆಪಾದನೆ ಇರಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಕಿಮಾಥಿಯನ್ನು ಗಲ್ಲಿಗೇರಿಸಿದ್ದ ಕಮೀಟಿ ಬಿಗಿಭದ್ರತೆಯ ಸೆರೆಮನೆಯಲ್ಲೇ ಅವರನ್ನು ಇರಿಸಲಾಯಿತು. ಜನರ ಭಾಷೆಯ ಬರಹವೇ ಸೆರೆಗೆ ಕಾರಣವಾದದ್ದರಿಂದ ಅದೇ ಭಾಷೆಯಲ್ಲಿ ಕಾದಂಬರಿ ಬರೆಯಬೇಕೆಂದು ಅವರು ಅಲ್ಲಿ ನಿಶ್ಚಯಿಸಿದರು. ಕೈದಿಗಳಿಗೆ ಕೊಡುತ್ತಿದ್ದ ಒರಟು ಶೌಚ ಕಾಗದದ ಮೇಲೆ ಗುಟ್ಟಾಗಿ ಬರೆದರು. ಅಧ್ಯಕ್ಷ ಜೋಮೊ ಕೆನ್ಯಾಟ 1978ರ ಆಗಸ್ಟಿನಲ್ಲಿ ನಿಧನರಾದರು. ಅವರ ಉತ್ತರಾಧಿಕಾರಿ ಡೇನಿಯಲ್ ಅರಪ್ ಮೋಯ್ ಆಡಳಿತ ಡಿಸೆಂಬರ್ 12ರಂದು ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿತು. ಗೂಗಿ ಅವರಿಗೆ ವಿಶ್ವವಿದ್ಯಾಲಯದ ಹುದ್ದೆ ಮರಳಿ ದೊರೆಯಲಿಲ್ಲ. ಸೆರೆವಾಸದ ವೃತ್ತಾಂತ 'ಡಿಟೇನ್ಡ್' 1981ರಲ್ಲಿ ಪ್ರಕಟವಾಯಿತು. ಇದರ ಪರಿಷ್ಕೃತ ರೂಪ 'ರೆಸ್ಲಿಂಗ್ ವಿತ್ ದಿ ಡೆವಿಲ್' 2018ರದ್ದು.

ಗಿಕುಯು ಕಾದಂಬರಿಗಳು

'ಚಾಯ್ತಾನಿ ಮುಥರಬಾ-ಇನಿ' (1980) ಸೆರೆಮನೆಯಲ್ಲಿ ಬರೆದ ಕಾದಂಬರಿ. ಗೂಗಿ ಅವರೇ ಮಾಡಿದ ಇಂಗ್ಲಿಷ್ ಅನುವಾದ 'ಡೆವಿಲ್ ಆನ್ ದಿ ಕ್ರಾಸ್' 1982ರಲ್ಲಿ ಬಂತು. ಕೆಲಸವನ್ನೂ ಮನೆಯನ್ನೂ ಕಳೆದುಕೊಂಡ ಯುವತಿ ವರೀಂಗಾ ಬಾಡಿಗೆ ವಾಹನವೊಂದರಲ್ಲಿ ಇಲ್ಮೊರೋಗ್‌ಗೆ ಹೊರಡುತ್ತಾಳೆ. ಅಲ್ಲಿನ ಗವಿಯೊಂದರಲ್ಲಿ ಆಧುನಿಕ ಕಳ್ಳರ ಮತ್ತು ದರೋಡೆಕೋರರ ಸ್ಪರ್ಧೆ ನಡೆಯುತ್ತದೆ. ದೇಶದ ಸಿರಿವಂತರು ವಿದೇಶಿ ಅತಿಥಿಗಳ ಮುಂದೆ ತಮ್ಮ ಸುಲಿಗೆಯ ಸಾಧನೆಯನ್ನು ಹೆಮ್ಮೆಯಿಂದ ಬಣ್ಣಿಸುತ್ತಾರೆ. ಸೋರೆ ಬುರುಡೆಯ ವಾದ್ಯ ಹಿಡಿದು ಹಾಡುವ ಗಿಚಾಂಡಿ ಗಾಯಕ ಇದರ ನಿರೂಪಕ. ಓದು ಬಾರದವರಿಗೆ ಮನೆಗಳಲ್ಲೂ ಮದ್ಯದಂಗಡಿಗಳಲ್ಲೂ ಈ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿ ಬೆಳೆಯಿತು.

'ಮಾತಿಗಾರಿ' (1986) ಮೌಖಿಕ ಕಥೆಯ ಮಾದರಿಯಲ್ಲಿದೆ. ಸ್ವಾತಂತ್ರ್ಯ ಹೋರಾಟ ಮುಗಿಯಿತೆಂದು ಆಯುಧಗಳನ್ನು ಮರದಡಿ ಹೂತಿಟ್ಟು ಕಾಡಿನಿಂದ ಮರಳುವ ಮಾತಿಗಾರಿ, ತಾನು ಕಟ್ಟಿದ ಮನೆಯಲ್ಲಿ ಹಳೆಯ ಯಜಮಾನರ ಮಕ್ಕಳೇ ವಾಸವಾಗಿರುವುದನ್ನು ಕಾಣುತ್ತಾನೆ. ಸತ್ಯವೂ ನ್ಯಾಯವೂ ಎಲ್ಲಿ ಸಿಗುತ್ತವೆ ಎಂದು ಕೇಳುತ್ತ ನಾಡು ಸುತ್ತುತ್ತಾನೆ. ಪುಸ್ತಕ ಹೊರಬಂದ ಮೇಲೆ ಕೀನ್ಯದಲ್ಲಿ, ಮಾತಿಗಾರಿ ಎಂಬ ವ್ಯಕ್ತಿ ಇಂಥ ಪ್ರಶ್ನೆಗಳನ್ನು ಕೇಳುತ್ತ ತಿರುಗುತ್ತಿದ್ದಾನೆಂಬ ಸುದ್ದಿ ತಲುಪಿದಾಗ ಅಧಿಕಾರಿಗಳು ಅವನ ಬಂಧನಕ್ಕೆ ಆದೇಶಿಸಿದರು. ಅವನು ಪುಸ್ತಕದ ಪಾತ್ರವೆಂದು ಗೊತ್ತಾದ ಮೇಲೆ, 1987ರ ಫೆಬ್ರುವರಿಯಲ್ಲಿ, ಪೊಲೀಸರು ಅಂಗಡಿಗಳಿಂದ ಪ್ರತಿಗಳನ್ನು ವಶಪಡಿಸಿಕೊಂಡರು. ವಾಂಗೂಯಿ ವಾ ಗೋರೊ ಇದನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ.

'ಮುರೋಗಿ ವಾ ಕಗೋಗೊ' ಗೂಗಿ ಅವರ ಅತ್ಯಂತ ದೊಡ್ಡ ಕಾದಂಬರಿ. ಗಿಕುಯುವಿನಲ್ಲಿ 2004ರಿಂದ ಭಾಗಭಾಗವಾಗಿ ಹೊರಬಂತು. ಲೇಖಕರೇ ಮಾಡಿದ ಅನುವಾದ 'ವಿಝರ್ಡ್ ಆಫ್ ದಿ ಕ್ರೋ' 2006ರದ್ದು. ಅಬುರೀರಿಯಾ ಎಂಬ ಕಲ್ಪಿತ ದೇಶದ ಸರ್ವಾಧಿಕಾರಿ ಸ್ವರ್ಗ ಮುಟ್ಟುವ ಕಟ್ಟಡಕ್ಕಾಗಿ ಜಾಗತಿಕ ಬ್ಯಾಂಕಿನ ಸಾಲ ಕೇಳುತ್ತಾನೆ. ಕೆಲಸ ಹುಡುಕುತ್ತ ಬಂದ ಕಮೀಟಿ ಎಂಬ ಯುವಕ ಆಕಸ್ಮಿಕವಾಗಿ ಮಂತ್ರವಾದಿಯೆಂದು ಹೆಸರಾಗುತ್ತಾನೆ. ಭೂಗತ ಚಳವಳಿಯ ನ್ಯಾವೀರಾ ಅವನ ಸಂಗಾತಿಯಾಗುತ್ತಾಳೆ. ಜನರ ನಡುವಿನ ವದಂತಿ, ಅತಿಶಯೋಕ್ತಿ ಮತ್ತು ವಿಡಂಬನೆಗಳಿಂದ ಕಥೆ ಬೆಳೆಯುತ್ತದೆ.

'ಕೆಂಡಾ ಮುಯುರು' (2018) ಗಿಕುಯು ಜನಾಂಗದ ಮೂಲ ದಂಪತಿಗಳಾದ ಗಿಕುಯು ಮತ್ತು ಮುಂಬಿ ಹಾಗೂ ಅವರ ಹೆಣ್ಣುಮಕ್ಕಳ ಪುರಾಣವನ್ನು ಆಧರಿಸಿದ ಪದ್ಯಕಥನ. ಲೇಖಕರ ಅನುವಾದ 'ದಿ ಪರ್ಫೆಕ್ಟ್ ನೈನ್' 2020ರಲ್ಲಿ ಬಂತು. ಮಕ್ಕಳಿಗಾಗಿ ಗೂಗಿ 'ನ್ಜಾಂಬಾ ನೇನೆ' ಎಂಬ ಬಾಲಕನ ಸಾಹಸಕಥೆಗಳನ್ನೂ ಗಿಕುಯುವಿನಲ್ಲಿ ಬರೆದಿದ್ದಾರೆ.

ಕಥನ ಕಲೆ

ಇಂಗ್ಲಿಷ್ ಕಾದಂಬರಿಗಳಲ್ಲಿ ಪಾಶ್ಚಾತ್ಯ ವಾಸ್ತವವಾದಿ ಮಾರ್ಗವೂ ಕಾನ್ರಾಡ್‌ನಿಂದ ಕಲಿತ ಕಾಲಪಲ್ಲಟದ ತಂತ್ರವೂ ಪ್ರಧಾನ. ಗಿಕುಯು ಕಾದಂಬರಿಗಳಲ್ಲಿ ಕೇಳುವ ಸಭೆಯನ್ನು ಎದುರಿಗಿಟ್ಟುಕೊಂಡ ನಿರೂಪಣೆ ಮುಂದೆ ಬರುತ್ತದೆ: ಗಾದೆ, ಹಾಡು, ಒಗಟು, ರಾಕ್ಷಸರ ಕಥೆ ಮತ್ತು ಪುನರಾವರ್ತನೆ ಅದರ ಸಾಮಗ್ರಿ. ಕೀನ್ಯದ ಓದುಗರಿಗೆ ಚಿರಪರಿಚಿತವಾದ ಬೈಬಲ್ ಎರಡು ಘಟ್ಟಗಳಲ್ಲೂ ಬಳಕೆಯಾಗಿದೆ. ಮೊದಲ ಘಟ್ಟದಲ್ಲಿ ತ್ಯಾಗ ಮತ್ತು ಪಾಪನಿವೇದನೆಯ ರೂಪಕವಾಗಿ, ಎರಡನೆಯದರಲ್ಲಿ ವಿಡಂಬನೆಯ ಸಾಧನವಾಗಿ. ಒಬ್ಬ ನಾಯಕನ ಬದಲು ಸಮುದಾಯವನ್ನು ಕೇಂದ್ರವಾಗಿಸುವುದು 'ಎ ಗ್ರೇನ್ ಆಫ್ ವೀಟ್'ನಿಂದ ಮುಂದಿನ ಕೃತಿಗಳ ಲಕ್ಷಣ. ಮುಂಬಿ, ವಾಂಜಾ, ವರೀಂಗಾ, ನ್ಯಾವೀರಾ ಅವರಂಥ ಗಟ್ಟಿ ಸ್ತ್ರೀಪಾತ್ರಗಳು ಈ ಕೃತಿಗಳ ಮತ್ತೊಂದು ವಿಶೇಷ. ಮಿಷನರಿಗಳು ರೂಪಿಸಿದ ಗಿಕುಯು ಬರವಣಿಗೆಯಲ್ಲಿ ದೀರ್ಘ ಸ್ವರಗಳನ್ನು ಗುರುತಿಸುವ ಖಚಿತ ಕ್ರಮವಿರಲಿಲ್ಲ. ಕಾದಂಬರಿಯ ಗದ್ಯಕ್ಕಾಗಿ ಗೂಗಿ ಕಾಗುಣಿತದ ಈ ಸಮಸ್ಯೆಯನ್ನೂ ಪರಿಹರಿಸಿಕೊಳ್ಳಬೇಕಾಯಿತು.

ಭಾಷಾ ಚಿಂತನೆ

'ಡೀಕಾಲನೈಸಿಂಗ್ ದಿ ಮೈಂಡ್' (1986) ಗೂಗಿ ಅವರ ವೈಚಾರಿಕ ಕೃತಿಗಳಲ್ಲಿ ಮುಖ್ಯವಾದದ್ದು. ಸಾಹಿತ್ಯದ ಭಾಷೆ, ರಂಗಭೂಮಿಯ ಭಾಷೆ, ಕಥನದ ಭಾಷೆ ಮತ್ತು ಪಠ್ಯಕ್ರಮದ ಪ್ರಸ್ತುತತೆ ಅದರ ನಾಲ್ಕು ವಿಷಯಗಳು. ಭಾಷೆ ಸಂವಹನದ ಸಾಧನವೂ ಹೌದು, ಸಂಸ್ಕೃತಿಯ ವಾಹಕವೂ ಹೌದು. ಶಾಲೆಯ ಭಾಷೆ ಮನೆಯ ಭಾಷೆಯಿಂದ ಬೇರೆಯಾದಾಗ ಮಗುವಿನ ಓದು ಅದರ ಅನುಭವದಿಂದ ಕಡಿದುಹೋಗುತ್ತದೆ ಎಂಬುದು ಅವರ ಪ್ರತಿಪಾದನೆ. ಆಫ್ರಿಕನ್ನರು ಯೂರೋಪಿನ ಭಾಷೆಗಳಲ್ಲಿ ಬರೆದ ಸಾಹಿತ್ಯವನ್ನು ಅವರು ಆಫ್ರೋ-ಯೂರೋಪಿಯನ್ ಸಾಹಿತ್ಯವೆಂದು ಪ್ರತ್ಯೇಕವಾಗಿ ಗುರುತಿಸಿದರು. 1962ರ ಮಕೆರೆರೆ ಸಮ್ಮೇಳನ ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್ ಅವರಂಥವರನ್ನು ಭಾಷೆಯ ಕಾರಣದಿಂದಲೇ ಹೊರಗಿಟ್ಟಿತೆಂದು ವಿಮರ್ಶಿಸಿದರು.

ಇಂಗ್ಲಿಷನ್ನು ಆಫ್ರಿಕಾದ ಅನುಭವಕ್ಕೆ ಬಗ್ಗಿಸಬಹುದೆಂದು ಅಚಿಬೆ ವಾದಿಸಿದ್ದರು. ಗೂಗಿ ಇದನ್ನು ಒಪ್ಪಲಿಲ್ಲ. ಹಾಗೆ ಬೆಳೆಯುವುದು ಇಂಗ್ಲಿಷೇ ಹೊರತು ಆಫ್ರಿಕಾದ ಭಾಷೆಗಳಲ್ಲವೆಂಬುದು ಅವರ ಉತ್ತರ. ಅವರು ಇಂಗ್ಲಿಷ್ ಕಲಿಕೆಯನ್ನು ವಿರೋಧಿಸಲಿಲ್ಲ. ಭಾಷೆಗಳ ನಡುವಿನ ಮೇಲುಕೀಳಿನ ಶ್ರೇಣಿಯನ್ನು ವಿರೋಧಿಸಿದರು. ಭಾಷೆಗಳು ಸಮಾನವಾಗಿ ಮಾತಾಡಿಕೊಳ್ಳುವ ದಾರಿಯೆಂದು ಅನುವಾದವನ್ನು ಎತ್ತಿಹಿಡಿದರು. ಮುಂದಿನ ವೈಚಾರಿಕ ಕೃತಿಗಳಲ್ಲಿ 'ಮೂವಿಂಗ್ ದಿ ಸೆಂಟರ್' (1993), 'ಸಮ್‌ಥಿಂಗ್ ಟೋರ್ನ್ ಅಂಡ್ ನ್ಯೂ' (2009) ಮತ್ತು 'ಗ್ಲೋಬಲೆಕ್ಟಿಕ್ಸ್' (2012) ಸೇರಿವೆ. 1994ರಲ್ಲಿ 'ಮುತೀರಿ' ಎಂಬ ಗಿಕುಯು ಸಾಹಿತ್ಯ ಪತ್ರಿಕೆಯನ್ನು ಆರಂಭಿಸಿದರು.

ದೇಶಾಂತರ ಜೀವನ

1982ರ ಜೂನಿನಲ್ಲಿ 'ಡೆವಿಲ್ ಆನ್ ದಿ ಕ್ರಾಸ್' ಕಾದಂಬರಿಯ ಬಿಡುಗಡೆಗೆಂದು ಗೂಗಿ ಲಂಡನ್ನಿಗೆ ಹೋಗಿದ್ದಾಗ, ಮರಳಿದರೆ ಬಂಧನ ಖಚಿತವೆಂಬ ಸೂಚನೆ ಅವರಿಗೆ ತಲುಪಿತು. ಹೀಗೆ 22 ವರ್ಷಗಳ ದೇಶಾಂತರ ಆರಂಭವಾಯಿತು. ಲಂಡನ್ನಿನಲ್ಲಿ ಕೀನ್ಯದ ರಾಜಕೀಯ ಕೈದಿಗಳ ಬಿಡುಗಡೆಗಾಗಿ ದುಡಿದರು. ಅನಂತರ ಅಮೆರಿಕದ ಯೇಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪನ ಮಾಡಿ, 2002ರಲ್ಲಿ ಅರ್ವೈನ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಅಂತರರಾಷ್ಟ್ರೀಯ ಬರವಣಿಗೆ ಮತ್ತು ಅನುವಾದ ಕೇಂದ್ರದ ಮೊದಲ ನಿರ್ದೇಶಕರಾದರು.

ಮೋಯ್ ಆಡಳಿತ 2002ರಲ್ಲಿ ಕೊನೆಗೊಂಡ ಬಳಿಕ, 2004ರ ಆಗಸ್ಟಿನಲ್ಲಿ ಗೂಗಿ ಪತ್ನಿ ಜೀರಿ ಅವರೊಂದಿಗೆ ಕೀನ್ಯಕ್ಕೆ ಬಂದರು. ಜನ ಅವರನ್ನು ಸಂಭ್ರಮದಿಂದ ಸ್ವಾಗತಿಸಿದರು. ಆದರೆ ಕೆಲವೇ ದಿನಗಳಲ್ಲಿ ಅವರು ತಂಗಿದ್ದ ನೈರೋಬಿಯ ಮನೆಗೆ ಶಸ್ತ್ರಧಾರಿಗಳು ನುಗ್ಗಿ ದಂಪತಿಗಳ ಮೇಲೆ ಕ್ರೂರವಾಗಿ ಹಲ್ಲೆ ಮಾಡಿದರು. ಗೂಗಿ ಮತ್ತೆ ಅಮೆರಿಕಕ್ಕೆ ಮರಳಿದರು. 2025ರ ಮೇ 28ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, 87ನೆಯ ವಯಸ್ಸಿನಲ್ಲಿ ನಿಧನರಾದರು.

ಆತ್ಮಕಥನಗಳು

ಬದುಕಿನ ಮೊದಲ ಘಟ್ಟಗಳನ್ನು ಗೂಗಿ ಮೂರು ಸಂಪುಟಗಳಲ್ಲಿ ಬರೆದಿದ್ದಾರೆ. 'ಡ್ರೀಮ್ಸ್ ಇನ್ ಎ ಟೈಮ್ ಆಫ್ ವಾರ್' (2010) ಬಾಲ್ಯವನ್ನು, 'ಇನ್ ದಿ ಹೌಸ್ ಆಫ್ ದಿ ಇಂಟರ್‌ಪ್ರಿಟರ್' (2012) ಅಲಯನ್ಸ್ ಶಾಲೆಯ ವರ್ಷಗಳನ್ನು, 'ಬರ್ತ್ ಆಫ್ ಎ ಡ್ರೀಮ್ ವೀವರ್' (2016) ಮಕೆರೆರೆಯಲ್ಲಿ ಲೇಖಕನಾಗಿ ರೂಪುಗೊಂಡ ಬಗೆಯನ್ನು ಹೇಳುತ್ತವೆ.

ಗೌರವಗಳು

ಏಷ್ಯಾ ಮತ್ತು ಆಫ್ರಿಕಾ ಲೇಖಕರ ಸಂಘಟನೆ ನೀಡುವ ಲೋಟಸ್ ಪ್ರಶಸ್ತಿ (1973), ಇಟಲಿಯ ನೊನೀನೊ ಪ್ರಶಸ್ತಿ (2001), ದಕ್ಷಿಣ ಕೊರಿಯಾದ ಪಾರ್ಕ್ ಕ್ಯೊಂಗ್-ನಿ ಪ್ರಶಸ್ತಿ (2016) ಮತ್ತು ಅಂತರರಾಷ್ಟ್ರೀಯ ಸಾಹಿತ್ಯ ಸಾಧನೆಗಾಗಿ ಪೆನ್ ಅಮೆರಿಕ ನೀಡುವ ನಬೊಕೊವ್ ಪ್ರಶಸ್ತಿ (2022) ಅವರಿಗೆ ಸಂದಿವೆ. 'ದಿ ಪರ್ಫೆಕ್ಟ್ ನೈನ್' 2021ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿಯಲ್ಲಿತ್ತು. ಆಫ್ರಿಕಾದ ದೇಶಭಾಷೆಯೊಂದರಲ್ಲಿ ಬರೆದ ಕೃತಿ ಆ ಪಟ್ಟಿ ಸೇರಿದ್ದು ಅದೇ ಮೊದಲು. ನೊಬೆಲ್ ಪ್ರಶಸ್ತಿಯ ಸಂಭಾವ್ಯರಲ್ಲಿ ಅವರ ಹೆಸರು ಹಲವು ವರ್ಷ ಕೇಳಿಬಂದರೂ ಅದು ಅವರಿಗೆ ಸಿಗಲಿಲ್ಲ.

ಪ್ರಭಾವ ಮತ್ತು ಇಂದಿನ ಸ್ಥಾನ

ವಸಾಹತೋತ್ತರ ಅಧ್ಯಯನ, ಅನುವಾದ ಅಧ್ಯಯನ ಮತ್ತು ಸಮುದಾಯ ರಂಗಭೂಮಿ ಈ ಮೂರು ಕ್ಷೇತ್ರಗಳಲ್ಲಿ ಗೂಗಿ ಅವರ ಕೃತಿಗಳು ಮೂಲ ಪಠ್ಯಗಳಾಗಿವೆ. ಅವರು ಗಿಕುಯುವಿನಲ್ಲಿ ಬರೆದ, ಮನುಷ್ಯರು ನೆಟ್ಟಗೆ ನಡೆಯತೊಡಗಿದ ಬಗೆಯನ್ನು ಹೇಳುವ ಚಿಕ್ಕ ಕಥೆಯನ್ನು 2016ರಲ್ಲಿ ಜಲಾಡಾ ಎಂಬ ಆಫ್ರಿಕನ್ ಲೇಖಕರ ಬಳಗ ಅನುವಾದಗಳೊಂದಿಗೆ ಪ್ರಕಟಿಸಿತು; ಅದು ಈವರೆಗೆ ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಕೀನ್ಯದಲ್ಲಿ 'ದಿ ರಿವರ್ ಬಿಟ್ವೀನ್' ಪ್ರೌಢಶಾಲಾ ಪಠ್ಯವಾಗಿತ್ತು. ಒಮ್ಮೆ ಪರವಾನಗಿ ಕಳೆದುಕೊಂಡಿದ್ದ 'ನ್ಗಾಹಿಕಾ ನ್ಡೇಂಡಾ' 2022ರಲ್ಲಿ ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲೇ ಗಿಕುಯು ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರದರ್ಶನಗೊಂಡಿತು.

ಕನ್ನಡದಲ್ಲಿ 'ಡೀಕಾಲನೈಸಿಂಗ್ ದಿ ಮೈಂಡ್' ಕೃತಿಯನ್ನು ರಹಮತ್ ತರೀಕೆರೆ ಅವರು 'ವಸಾಹತುಪ್ರಜ್ಞೆ ಮತ್ತು ವಿಮೋಚನೆ' ಎಂಬ ಹೆಸರಿನಲ್ಲಿ ಅನುವಾದಿಸಿದ್ದಾರೆ. ಕಲಿಕೆಯ ಮಾಧ್ಯಮ, ದೇಶಭಾಷೆಗಳ ಜ್ಞಾನಸಾಮರ್ಥ್ಯ ಮತ್ತು ಇಂಗ್ಲಿಷಿನ ಯಜಮಾನಿಕೆಯನ್ನು ಕುರಿತ ಕನ್ನಡದ ಚರ್ಚೆಗಳಿಗೆ ಗೂಗಿ ಅವರ ವಾದಗಳು ಈ ಅನುವಾದದ ಮೂಲಕ ನೇರವಾಗಿ ಒದಗಿವೆ.